ಪದ ಪರಿಚಯ: ನಿಕ್ಕರ್

‘ನಿಕ್ಕರ್ ಅಂದರೆ ಡಚ್ ಭಾಷೆಯಲ್ಲಿ ಗಿಡ್ಡ ಚಡ್ಡಿ’ ಎಂಬ ವಿವರಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಅದು ತಪ್ಪು. ಮೂಲದಲ್ಲಿ ಅದು ಬಟ್ಟೆಯ ಹೆಸರೇ ಅಲ್ಲ. ನ್ಯೂಯಾರ್ಕ್ ಸೀಮೆಯಲ್ಲಿ ನೆಲೆಸಿದ್ದ, ಡಚ್ ಮೂಲದ ಒಂದು ಮನೆತನದ ಹೆಸರು: ನಿಕರ್‌ಬಾಕರ್. ಅದನ್ನು ಊರಿಗೆಲ್ಲ ಪರಿಚಯಿಸಿದವರು ಅಮೆರಿಕದ ಕತೆಗಾರ ವಾಷಿಂಗ್ಟನ್ ಇರ್ವಿಂಗ್ (1783–1859).

1809ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ‘ಕಾಣೆಯಾಗಿದ್ದಾರೆ’ ಪ್ರಕಟಣೆ ಬಂತು. ಹಳೆಯ ಕಪ್ಪು ಕೋಟು ತೊಟ್ಟ ನಿಕರ್‌ಬಾಕರ್ ಎಂಬ ಕುಳ್ಳ ಮುದುಕ ವಸತಿಗೃಹದಿಂದ ಹೊರಟವರು ಪತ್ತೆಯಿಲ್ಲ. ಬುದ್ಧಿಯೂ ಅಷ್ಟು ಸ್ಥಿಮಿತದಲ್ಲಿಲ್ಲ. ಆಮೇಲೆ ವಸತಿಗೃಹದ ಯಜಮಾನನ ಹೆಸರಿನಲ್ಲಿ ಇನ್ನೊಂದು: ಕೋಣೆಯಲ್ಲಿ ಅವರದೇ ಕೈಬರಹದ ವಿಚಿತ್ರ ಪುಸ್ತಕ ಸಿಕ್ಕಿದೆ, ಬಾಕಿ ತೀರಿಸದಿದ್ದರೆ ಅದನ್ನು ಮಾರಿ ವಸೂಲು ಮಾಡಿಕೊಳ್ಳುತ್ತೇನೆ. ಡಿಸೆಂಬರಿನಲ್ಲಿ ಆ ‘ನ್ಯೂಯಾರ್ಕಿನ ಇತಿಹಾಸ’ ಮಾರಾಟಕ್ಕೆ ಬಂತು. ಮುದುಕ, ಯಜಮಾನ, ಬಾಕಿ ಎಲ್ಲವೂ ಇರ್ವಿಂಗ್ ಕಟ್ಟಿದ್ದು. ‘ಡಚ್ ಇತಿಹಾಸಕಾರ ಡೀಡ್ರಿಕ್ ನಿಕರ್‌ಬಾಕರ್’ ಎಂದು ಗಂಭೀರವಾಗಿ ಬರೆಯುವವರು ದಯವಿಟ್ಟು ಇದನ್ನು ಗಮನಿಸಬೇಕು.

ಬಟ್ಟೆಗೆ ಹೆಸರು ಅಂಟಿದ್ದು ಚಿತ್ರಗಳಿಂದ ಎನ್ನುತ್ತವೆ ನಿಘಂಟುಗಳು. ಆ ಪುಸ್ತಕಕ್ಕೆ ಇಂಗ್ಲೆಂಡಿನ ಜಾರ್ಜ್ ಕ್ರೂಕ್‌ಶ್ಯಾಂಕ್ ಬರೆದ ಚಿತ್ರಗಳಲ್ಲಿ ಡಚ್ಚರು ದೊಗಳೆ ಚಲ್ಲಣ ತೊಟ್ಟಿದ್ದರು. ಅಂಥ ಉಡುಪು ‘ನಿಕರ್‌ಬಾಕರ್ಸ್’ ಆಯಿತು, ಮೊಟಕಾಗಿ ‘ನಿಕರ್ಸ್’. ಆದರೆ ಅದು ನಮ್ಮ ನಿಕ್ಕರ್ ಅಲ್ಲ. ಅದರ ಕಾಲು ಮೊಣಕಾಲಿನ ಕೆಳಗೆ ಪಟ್ಟಿಯಿಂದಲೋ ಗುಂಡಿಯಿಂದಲೋ ಬಿಗಿಯುತ್ತದೆ, ಬಟ್ಟೆ ಮೇಲೆ ಉಬ್ಬಿ ನಿಲ್ಲುತ್ತದೆ. ನಮ್ಮದು ತೊಡೆಯ ಬಳಿ ಬಿಚ್ಚಿಕೊಂಡ ಅರ್ಧ ಪ್ಯಾಂಟು. ಬ್ರಿಟನ್ನಿನಲ್ಲಂತೂ ಈಗ ‘ನಿಕರ್ಸ್’ ಎಂದರೆ ಹೆಂಗಸರ ಒಳಉಡುಪು. ಅಲ್ಲಿನ ಅಂಗಡಿಯಲ್ಲಿ ಮಗನಿಗೆ ನಿಕ್ಕರ್ ಕೇಳಬೇಡಿ, ಶಾರ್ಟ್ಸ್ ಕೇಳಿ.

ಇರ್ವಿಂಗ್ ಬೇರೆ ಕತೆಗಳನ್ನೂ ಹೀಗೆ ಕಲ್ಪಿತ ಹೆಸರುಗಳಲ್ಲಿ ಬರೆದಿದ್ದರು. ಇಪ್ಪತ್ತು ವರ್ಷ ನಿದ್ದೆ ಹೋದವನ ಕತೆ ‘ರಿಪ್ ವ್ಯಾನ್ ವಿಂಕಲ್’ (1819) ಇರುವ ಪುಸ್ತಕದ ಲೇಖಕ ‘ಜೆಫ್ರಿ ಕ್ರೇಯಾನ್’, ಕತೆ ಸಿಕ್ಕಿದ್ದು ‘ದಿವಂಗತ ನಿಕರ್‌ಬಾಕರ್’ ಕಾಗದಪತ್ರಗಳಲ್ಲಿ; ಇಬ್ಬರೂ ಇರ್ವಿಂಗರೇ. ಹಾಗಾಗಿ ಇದನ್ನು ಡಚ್ಚರ ಜನಪದ ಕತೆಯೆಂದು ಪರಿಚಯಿಸುವುದೂ ಸರಿಯಲ್ಲ. ಆ ನಿದ್ದೆಯ ಎಳೆ ಬಂದಿದ್ದು ಪೀಟರ್ ಕ್ಲಾಸ್ ಎಂಬ ಮೇಕೆ ಕಾಯುವವನ ಜರ್ಮನ್ ಕತೆಯಿಂದ.