ನೇರ ನೋಟ, ಬಾಗಿದ ಹಾದಿ

ಕೋವಿಯಿಂದ ಹೊರಟ ಗುಂಡು ಮೊದಲು ತುಸು ಮೇಲೇರಿ ಆಮೇಲೆ ಕೆಳಗಿಳಿಯುತ್ತದೆ ಎಂದು ನಂಬಿದವರು ಬಹಳ ಮಂದಿ. ನಳಿಗೆ ಯಾವ ದಿಕ್ಕಿಗೆ ನೆಟ್ಟಿದೆಯೋ ಆ ಗೆರೆಗಿಂತ ಗುಂಡು ಎಂದೂ ಮೇಲೇರುವುದಿಲ್ಲ. ನಳಿಗೆಯ ಬಾಯಿ ದಾಟಿದ ಕ್ಷಣದಿಂದಲೇ ಅದು ಬೀಳತೊಡಗುತ್ತದೆ. ಬೇಟೆಯ ರೈಫಲ್‌ಗೆ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕೂರಿಸಿ ‘ಝೀರೋ’ ಮಾಡುವುದೆಂದರೆ ಈ ಬೀಳುವಿಕೆಗೆ ಮೊದಲೇ ಲೆಕ್ಕ ಕಟ್ಟಿಡುವುದು.

ಅಮೆರಿಕದ ಜಿಂಕೆ ಬೇಟೆಗಾರರಿಗೆ ಚಿರಪರಿಚಿತವಾದ .30-06 ಸ್ಪ್ರಿಂಗ್‌ಫೀಲ್ಡ್ ತೋಟೆಯನ್ನೇ ತೆಗೆದುಕೊಳ್ಳೋಣ. 1906ರಲ್ಲಿ ಅಲ್ಲಿನ ಸೇನೆಗಾಗಿ ರೂಪುಗೊಂಡ ಇದು ಸುಮಾರು 9.7 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 2,900 ಅಡಿಯಷ್ಟು ವೇಗದಲ್ಲಿ ಚಿಮ್ಮಿಸುತ್ತದೆ. ಶಬ್ದದ ವೇಗದ ಎರಡೂವರೆ ಪಟ್ಟಿಗೂ ಹೆಚ್ಚು. ಇಷ್ಟಾದರೂ ನಳಿಗೆಯ ಗೆರೆಯಿಂದ ಅದು 100 ಗಜದಲ್ಲಿ ಎರಡು ಅಂಗುಲಕ್ಕೂ ಹೆಚ್ಚು, 200 ಗಜದಲ್ಲಿ 9 ಅಂಗುಲ, 300 ಗಜದಲ್ಲಿ ಸುಮಾರು 23 ಅಂಗುಲ ಕೆಳಗಿಳಿದಿರುತ್ತದೆ. ಗಾಳಿಯೇ ಇಲ್ಲದಿದ್ದರೆ 300 ಗಜದಲ್ಲಿ ಇಳಿತ 18 ಅಂಗುಲದ ಆಸುಪಾಸಿನಲ್ಲಿ ಇರುತ್ತಿತ್ತು. ಗಾಳಿ ಗುಂಡನ್ನು ನಿಧಾನಗೊಳಿಸುತ್ತದೆ. ತಡವಾದಷ್ಟೂ ಗುರುತ್ವಕ್ಕೆ ಎಳೆಯಲು ಹೆಚ್ಚು ಸಮಯ ಸಿಗುತ್ತದೆ.

ಇನ್ನೊಂದು ತೊಡಕೂ ಇದೆ. ಸ್ಕೋಪ್ ಇರುವುದು ನಳಿಗೆಯ ಮೇಲೆ, ಸುಮಾರು ಒಂದೂವರೆ ಅಂಗುಲ ಎತ್ತರದಲ್ಲಿ. ಕಣ್ಣಿನ ನೋಟ ನೇರ ಗೆರೆ, ಗುಂಡಿನ ಹಾದಿ ಬಾಗಿದ ಗೆರೆ. ಎರಡೂ ಸಮಾನಾಂತರವಾಗಿ ಹೊರಟರೆ ಎಲ್ಲಿಯೂ ಸೇರುವುದೇ ಇಲ್ಲ. ಆದ್ದರಿಂದ ಸ್ಕೋಪಿನಲ್ಲಿ ನೇರವಾಗಿ ಗುರಿ ನೋಡುವಾಗ ನಳಿಗೆಯ ಮೂತಿ ಕೂದಲೆಳೆಯಷ್ಟು ಮೇಲಕ್ಕೆ ನೋಡುವಂತೆ ಹೊಂದಿಸುತ್ತಾರೆ. ಮೇಲೇರುವ ಭ್ರಮೆ ಹುಟ್ಟುವುದು ಇಲ್ಲಿಂದಲೇ: ಗುಂಡು ನೋಟದ ಗೆರೆಯನ್ನು ಕೆಳಗಿನಿಂದ ಒಮ್ಮೆ ದಾಟಿ, ಮೇಲೆ ಸಾಗಿ, ಇಳಿಯುವಾಗ ಮತ್ತೊಮ್ಮೆ ದಾಟುತ್ತದೆ. 200 ಗಜಕ್ಕೆ ಝೀರೋ ಮಾಡಿದ, ಅಂದರೆ ಆ ದೂರದಲ್ಲಿ ಗುಂಡು ನೋಟದ ಗೆರೆಗೇ ಬೀಳುವಂತೆ ಹೊಂದಿಸಿದ, ಈ ರೈಫಲ್ 30 ಗಜದ ಸುಮಾರಿನಲ್ಲೂ ಗುರಿಗೆ ಸರಿಯಾಗಿಯೇ ಹೊಡೆಯುತ್ತದೆ. ನಡುವೆ 100 ಗಜದಲ್ಲಿ ಗುಂಡು ಒಂದೂಮುಕ್ಕಾಲು ಅಂಗುಲ ಮೇಲೆ. 300 ಗಜದಲ್ಲಿ 8 ಅಂಗುಲ ಕೆಳಗೆ.

ಹಾಗಾದರೆ ಯಾವ ದೂರಕ್ಕೆ ಹೊಂದಿಸಬೇಕು? ದಟ್ಟ ಕಾಡಿನಲ್ಲಿ 100 ಗಜ ಸಾಕು. ಬಯಲಿನಲ್ಲಿ ಅದು ಸಾಲದು, 300 ಗಜದ ಹೊತ್ತಿಗೆ ಗುಂಡು ಒಂದಡಿಗೂ ಹೆಚ್ಚು ಕೆಳಗೆ ಹೋಗಿರುತ್ತದೆ. ಇದಕ್ಕೆ ಬೇಟೆಗಾರರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು 8 ಅಂಗುಲದ ವೃತ್ತ. ಅದರ ನಡುವಿಗೆ ಗುರಿಯಿಟ್ಟರೆ ಮೇಲೆ ಕೆಳಗೆ ನಾಲ್ಕು ನಾಲ್ಕು ಅಂಗುಲ ಜಾಗವಿದೆ. ಕೈಯ ಅಲುಗಾಟಕ್ಕೆಂದು ಒಂದು ಅಂಗುಲ ಬಿಟ್ಟು, ಉಳಿದ ಮೂರು ಅಂಗುಲದೊಳಗೇ ಗುಂಡಿನ ಹಾದಿ ಇರುವಂತೆ ನೋಡಿಕೊಳ್ಳುತ್ತಾರೆ. 100 ಗಜದಲ್ಲಿ ಎರಡೂವರೆ ಅಂಗುಲ ಮೇಲೆ ಬೀಳುವಂತೆ ಹೊಂದಿಸಿದರೆ ಸುಮಾರು 270 ಗಜದವರೆಗೆ ದೂರದ ಲೆಕ್ಕವೇ ಬೇಡ. ನಡುವಿಗೆ ಗುರಿಯಿಟ್ಟರೆ ಸಾಕು.

ಹೊಂದಿಸುವ ಕೆಲಸ ಸ್ಕೋಪಿನ ಮೇಲಿನ ತಿರುಪಿನದು. ಸಾಮಾನ್ಯವಾಗಿ ಅದರ ಒಂದು ‘ಕ್ಲಿಕ್’ 100 ಗಜದಲ್ಲಿ ಕಾಲು ಅಂಗುಲದಷ್ಟು, 200 ಗಜದಲ್ಲಿ ಅರ್ಧ ಅಂಗುಲದಷ್ಟು ಗುಂಡು ಬೀಳುವ ಜಾಗವನ್ನು ಸರಿಸುತ್ತದೆ. ಒಂದೇ ಗುಂಡಿನ ತೂತು ನೋಡಿ ತಿರುಪು ಮುಟ್ಟುವುದು ತಪ್ಪು. ಒಳ್ಳೆಯ ರೈಫಲ್ ಕೂಡ ಒಂದೇ ತೂತಿನಲ್ಲಿ ಎರಡು ಗುಂಡು ತೂರಿಸುವುದು ಅಪರೂಪ. ಕನಿಷ್ಠ ಮೂರು ಹೊಡೆದು, ಆ ಗುಂಪಿನ ನಡುವನ್ನು ಗುರುತಿಸಿ ಅದನ್ನು ಸರಿಸಬೇಕು. ನಳಿಗೆ ಕಾದಾಗ ಗುಂಡು ಬೀಳುವ ಜಾಗ ಕದಲಬಹುದು. ಬೇಟೆಯಲ್ಲಿ ಮುಖ್ಯವಾದ ಮೊದಲ ಈಡು ತಣ್ಣನೆಯ ನಳಿಗೆಯದು. ಆದ್ದರಿಂದ ನಡುನಡುವೆ ನಳಿಗೆ ಆರಲು ಬಿಡಬೇಕು. ತೋಟೆಯ ಬಗೆ ಬದಲಾದರೆ ಲೆಕ್ಕವನ್ನು ಮೊದಲಿನಿಂದ ಶುರು ಮಾಡಬೇಕು.

ರಾಕಿ ಪರ್ವತಗಳ ಇಳಿಜಾರಿನಲ್ಲಿ ಈ ಲೆಕ್ಕಕ್ಕೆ ಮತ್ತೊಂದು ತಿರುವು ಬರುತ್ತದೆ. ಬೆಟ್ಟದ ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ಎಣಿಸಿದ್ದಕ್ಕಿಂತ ಮೇಲೆಯೇ ಹೋಗುತ್ತದೆ. ಗುಂಡಿನ ಹಾದಿಯನ್ನು ಬಾಗಿಸುವುದು ಗುರುತ್ವದಲ್ಲಿ ಆ ಹಾದಿಗೆ ಲಂಬವಾಗಿರುವ ಪಾಲು ಮಾತ್ರ. ಇಳಿಜಾರು ಹೆಚ್ಚಿದಂತೆ ಆ ಪಾಲು ಕಡಿಮೆಯಾಗುತ್ತದೆ. 30 ಡಿಗ್ರಿ ಕೋನದಲ್ಲಿ 300 ಗಜ ದೂರದ ಎಲ್ಕ್ ಜಿಂಕೆಯನ್ನು ಸುಮಾರು 260 ಗಜದಲ್ಲಿದೆ ಎಂದೇ ಎಣಿಸಬೇಕು. ಇಲ್ಲವಾದರೆ ಗುಂಡು ಮೂರು ಅಂಗುಲದಷ್ಟು ಮೇಲೆ ಬಡಿಯುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ; ಅದು ಹಾಗೆಯೇ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಪರವಾನಗಿ ಪಡೆದು ಬೇಟೆಯಾಡುವ ನಾಡುಗಳಲ್ಲಿ ಮಾತ್ರ ಈ ಅಂಗುಲಗಳ ಲೆಕ್ಕ ಸಣ್ಣದಲ್ಲ. ನಾಲ್ಕೈದು ಅಂಗುಲ ತಪ್ಪಿದ ಗುಂಡು ಪ್ರಾಣಿಯನ್ನು ತಕ್ಷಣ ಕೊಲ್ಲದೆ ಗಾಯಗೊಳಿಸಿ, ಗಂಟೆಗಟ್ಟಲೆ ನರಳಿಸಬಹುದು. ತಿರುಪಿನಿಂದ ಮೊದಲೇ ಸರಿಪಡಿಸಿಡಲಾಗದ್ದೂ ಒಂದಿದೆ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಇದೇ ಗುಂಡನ್ನು 300 ಗಜದಲ್ಲಿ ಆರೇಳು ಅಂಗುಲ ಪಕ್ಕಕ್ಕೆ ತಳ್ಳುತ್ತದೆ. ಅದೂ ಗುರಿಯವರೆಗಿನ ಹಾದಿಯುದ್ದಕ್ಕೂ ಒಂದೇ ಸಮನೆ ಬೀಸುವುದಿಲ್ಲ. ಕಣಿವೆಯ ಆಚೆ ಬದಿಯಲ್ಲಿ ಹುಲ್ಲು ಯಾವ ಕಡೆಗೆ ಬಾಗಿದೆ ಎಂದು ನೋಡಿ ಅಂದಾಜಿಸಲಾಗದವನು 200 ಗಜದಾಚೆಗೆ ಗುಂಡು ಹಾರಿಸದಿರುವುದೇ ಸರಿ.