ಎರಡು ಟರ್ಬೊಗಳ ನಡುವಿನ ಕಣಿವೆ: ಸುಬಾರು ಲೆಗಸಿ ಜಿಟಿ-ಬಿ ವ್ಯಾಗನ್

ಆಕ್ಲೆಂಡ್‌ನ ನಮ್ಮ ಗ್ಯಾರೇಜಿಗೆ ಹಳೆಯ ಸುಬಾರು ಲೆಗಸಿ ವ್ಯಾಗನ್ ತರುವವರ ದೂರು ಬಹುಮಟ್ಟಿಗೆ ಒಂದೇ: 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ವರೆಗೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಪಿಕಪ್ ಸತ್ತುಹೋಗುತ್ತದೆ. ಜಪಾನಿನಲ್ಲಿ ಓಡಿದ ಕಾರುಗಳು ಹಡಗೇರಿ ನ್ಯೂಜಿಲೆಂಡಿಗೆ ಬರುವುದು ದಶಕಗಳ ವಾಡಿಕೆಯಾದ್ದರಿಂದ 1996ರ ಜಿಟಿ-ಬಿ ಮಾದರಿ ಇಲ್ಲಿ ಅಪರೂಪವೇನಲ್ಲ. ಈ ಒಂದು ದೂರಿನ ಬೇರು ಹುಡುಕಿದರೆ ಆ ಕಾರಿನ ಜಾತಕವೇ ಕೈಗೆ ಸಿಗುತ್ತದೆ.

ಸುಬಾರು ಎಂದರೆ ಜಪಾನಿ ಭಾಷೆಯಲ್ಲಿ ನಮ್ಮ ಕೃತ್ತಿಕಾ ನಕ್ಷತ್ರ. ಲಾಂಛನದಲ್ಲಿ ಆರು ಚುಕ್ಕಿಗಳಿರುವುದು ಅದಕ್ಕಾಗಿಯೇ. (ಷಣ್ಮುಖನ ಆರು ತಾಯಂದಿರನ್ನು ಬಲ್ಲವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.) ಯುದ್ಧಕಾಲದಲ್ಲಿ ವಿಮಾನ ಕಟ್ಟುತ್ತಿದ್ದ ನಾಕಾಜಿಮಾ ಕಂಪನಿಯ ಉಳಿಕೆಗಳಿಂದ 1953ರಲ್ಲಿ ರೂಪುಗೊಂಡ ಫ್ಯೂಜಿ ಹೆವಿ ಇಂಡಸ್ಟ್ರೀಸ್, 1966ರ ಸುಬಾರು 1000 ಕಾರಿಗೆ ಬಾಕ್ಸರ್ ಎಂಜಿನ್ನನ್ನೂ 1972ರ ಲಿಯೋನ್ ಎಸ್ಟೇಟ್ ವ್ಯಾನಿಗೆ ನಾಲ್ಕು ಚಕ್ರಗಳ ಚಾಲನೆಯನ್ನೂ ಕೊಟ್ಟಿತು. ಇವೆರಡೂ ಹದವಾಗಿ ಬೆರೆತದ್ದು 1989ರ ಲೆಗಸಿಯಲ್ಲಿ. ಅದೇ ಜನವರಿಯಲ್ಲಿ ಅರಿಜೋನಾದ ಪರೀಕ್ಷಾ ಪಥದಲ್ಲಿ ಲೆಗಸಿ ಸೆಡಾನ್ ಗಂಟೆಗೆ ಸರಾಸರಿ 223.345 ಕಿ.ಮೀ. ವೇಗದಲ್ಲಿ 1,00,000 ಕಿ.ಮೀ. ಓಡಿ ದಾಖಲೆ ಬರೆಯಿತು. ಆ ವರ್ಷದ ಕೊನೆಗೆ ಬಂದ ಟರ್ಬೊ (ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಅದಕ್ಕೇ ಹೆಚ್ಚು ಗಾಳಿ ಒತ್ತುವ ಚಕ್ರ) ಇರುವ ವ್ಯಾಗನ್, ಸಾಮಾನು ಹೊರುವ ವ್ಯಾನ್ ಎಂದೇ ಜಪಾನಿನವರು ಕಡೆಗಣಿಸಿದ್ದ ಆಕಾರಕ್ಕೆ ಬೆಡಗು ತಂದಿತು.

ಈ ವ್ಯಾಗನ್‌ನ ನಿಜವಾದ ಬಂಡವಾಳ ಅದರ ಜೋಡಣೆ ಎಂಬುದು ನನ್ನ ಅಭಿಪ್ರಾಯ. ಅಶ್ವಶಕ್ತಿಯದು ಎರಡನೆಯ ಮಾತು. ಸಾಮಾನ್ಯ ಎಂಜಿನ್ನಿನಲ್ಲಿ ಸಿಲಿಂಡರುಗಳು ಸಾಲಾಗಿ ನೆಟ್ಟಗೆ ನಿಂತಿದ್ದರೆ ಬಾಕ್ಸರಿನಲ್ಲಿ ಎರಡೆರಡಾಗಿ ಎಡಕ್ಕೂ ಬಲಕ್ಕೂ ಮಲಗಿರುತ್ತವೆ. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಕ್ಕೆ ಸರಿದು ಒಟ್ಟಿಗೆ ಒಳಕ್ಕೆ ಬರುವುದರಿಂದ ಒಂದರ ಕುಲುಕನ್ನು ಇನ್ನೊಂದು ಕಳೆಯುತ್ತದೆ. ಎಂಜಿನ್ ಚಪ್ಪಟೆಯಾಗಿರುವುದರಿಂದ ಭಾರವೂ ನೆಲಕ್ಕೆ ಹತ್ತಿರವಿರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಚಕ್ರಗಳಿಗೆ ಶಕ್ತಿ ಹಂಚುವ ಹಿಂಬದಿಯ ಡಿಫರೆನ್ಷಿಯಲ್ ಎಲ್ಲವೂ ನಡುಗೆರೆಯ ಮೇಲೆಯೇ ಕೂರುತ್ತವೆ. ಹಿಂಬದಿಯಲ್ಲಿ ಹೆಚ್ಚುವರಿ ಗಾಜು, ತಗಡು ಹೊತ್ತ ವ್ಯಾಗನ್ ತಿರುವಿನಲ್ಲಿ ವಾಲದಿರಲು ಈ ತಗ್ಗು ಬಹಳ ಮುಖ್ಯ. ಅದರ ದಂಡ ತೆರುವವನು ಮಾತ್ರ ಮೆಕ್ಯಾನಿಕ್: ನಾಲ್ಕು ಸ್ಪಾರ್ಕ್ ಪ್ಲಗ್ ಬದಲಿಸಲು ಬ್ಯಾಟರಿಯನ್ನೂ ವಾಷರ್ ನೀರಿನ ಡಬ್ಬಿಯನ್ನೂ ಕಳಚಿ, ಮೊಣಕೈ ಉಜ್ಜಿಸಿಕೊಂಡು ಕೆಲಸ ಮಾಡಬೇಕು.

ಜಪಾನಿನ ತಯಾರಕರು ಆಗ 280 ಅಶ್ವಶಕ್ತಿಯನ್ನು ಮೀರುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದರು. 1993ರ ಎರಡನೆಯ ತಲೆಮಾರಿನ ಲೆಗಸಿ 250 ಮುಟ್ಟಿತು. 1996ರಲ್ಲಿ ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರುಗಳೊಂದಿಗೆ ಬಂದ ಜಿಟಿ-ಬಿ, ಮ್ಯಾನುವಲ್ ಗೇರಿನಲ್ಲಿ 280ನ್ನೇ ಮುಟ್ಟಿತು. ಎಂಜಿನ್ ಬರೀ 1,994 ಸಿಸಿ. ಅಷ್ಟು ಸಣ್ಣ ಎಂಜಿನ್ನಿನಿಂದ ಅಷ್ಟು ಶಕ್ತಿ ತೆಗೆಯಲು ದೊಡ್ಡ ಟರ್ಬೊ ಬೇಕು, ದೊಡ್ಡ ಟರ್ಬೊ ತಡವಾಗಿ ಎಚ್ಚರಗೊಳ್ಳುತ್ತದೆ. ಸುಬಾರು ಎಂಜಿನಿಯರುಗಳು ಕಂಡುಕೊಂಡ ದಾರಿ ಸರದಿಯ ಜೋಡಿ ಟರ್ಬೊ. ಕಡಿಮೆ ವೇಗದಲ್ಲಿ ನಾಲ್ಕೂ ಸಿಲಿಂಡರುಗಳ ಹೊಗೆ ಮೊದಲನೆಯ ಟರ್ಬೊವನ್ನು ಮಾತ್ರ ತಿರುಗಿಸುತ್ತದೆ. ವೇಗ ಏರಿದಂತೆ ಹೊಗೆಯ ದಾರಿಯ ಕವಾಟ ತುಸುವೇ ತೆರೆದು ಎರಡನೆಯ ಟರ್ಬೊವನ್ನು ಸುಮ್ಮನೆ ಸುತ್ತಿಸುತ್ತದೆ. ಅದು ಒತ್ತಿದ ಗಾಳಿ ಎಂಜಿನ್ನಿಗೆ ಹೋಗದೆ ಬೇರೆ ಕವಾಟದ ಮೂಲಕ ಹೊರಳುತ್ತದೆ. ಬಳಿಕ ಆ ಕವಾಟ ಮುಚ್ಚಿ, ಹೊಗೆಯ ಕವಾಟ ಪೂರ್ತಿ ತೆರೆದು, ಒತ್ತಡ ಸಮವಾದಾಗ ಎರಡನೆಯದರ ಗಾಳಿಯೂ ಒಳಸೇರುತ್ತದೆ. ಈ ಹಸ್ತಾಂತರದ ಕ್ಷಣದಲ್ಲಿ ಎಳೆತ ಕುಸಿಯುತ್ತದೆ. ಮಾಲೀಕರು ಇದನ್ನು ‘ಸಾವಿನ ಕಣಿವೆ’ ಎನ್ನುತ್ತಾರೆ; ಕಾರು ಹೊಸದಿದ್ದಾಗಲೂ ಆ ಕಣಿವೆ ಇತ್ತು.

ಕಣಿವೆ ಇಳಿದ ಕಾರು ಮತ್ತೆ ಮೇಲೇರದಿದ್ದರೆ ಅದು ದೋಷ. ಕೆಲವು ವರ್ಷಗಳ ಹಿಂದೆ ಇಂಥದೊಂದು ಕಾರಿನಲ್ಲಿ ಎರಡನೆಯ ಟರ್ಬೊ ಕೆಟ್ಟಿದೆಯೆಂದು ನಾನು ತೀರ್ಮಾನಿಸಿ, ಅರ್ಧ ದಿನ ವ್ಯಯಿಸಿ ಕಳಚಿ ನೋಡಿದರೆ ಚಕ್ರ ಬೆರಳ ತುದಿಗೆ ಸಲೀಸಾಗಿ ತಿರುಗಿತು. ಆಮೇಲೆ ಕಣ್ಣು ಹೋದದ್ದು ಕವಾಟಗಳಿಗೆ ಅಪ್ಪಣೆ ಕೊಡುವ, ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡುಗಳನ್ನು ತುಂಬಿದ ಕಪ್ಪು ಪೆಟ್ಟಿಗೆಯ ಕಡೆಗೆ. ಅದರಿಂದ ಹೊರಟ ಹತ್ತಾರು ವ್ಯಾಕ್ಯೂಮ್ ಪೈಪುಗಳಲ್ಲಿ ಒಂದು, ಟರ್ಬೊ ಕಾವಿಗೆ ಒಣಗಿದ ನುಗ್ಗೆಕಾಯಿಯಂತೆ ಗಡುಸಾಗಿ, ಮೂತಿಯ ಬಳಿ ಕೂದಲೆಳೆಯಷ್ಟು ಸೀಳಿತ್ತು. ಬೆರಳುದ್ದದ ಹೊಸ ಪೈಪ್ ಹಾಕಿದ ಮೇಲೆ ಗಾಡಿ ಸರಿಯಾಯಿತು. ಅರ್ಧ ದಿನದ ಕೂಲಿಯನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ಪೈಪುಗಳನ್ನೆಲ್ಲ ಒಂದೊಂದಾಗಿ ಹಿಸುಕಿ ನೋಡದೆ ಟರ್ಬೊ ಮುಟ್ಟುವುದಿಲ್ಲ.

ಟೈರಿನ ವಿಷಯದಲ್ಲೂ ಉಳಿತಾಯ ನಡೆಯದು. ಮ್ಯಾನುವಲ್ ಗೇರಿನ ಕಾರಿನಲ್ಲಿ ನಡುವಿನ ಡಿಫರೆನ್ಷಿಯಲ್ ಮುಂದಕ್ಕೂ ಹಿಂದಕ್ಕೂ ಶಕ್ತಿಯನ್ನು ಸಮವಾಗಿ ಹಂಚುತ್ತದೆ. ಒಂದು ಕಡೆ ಚಕ್ರ ಜಾರಿದರೆ ಮಂದ ದ್ರವದ ಜಿಗುಟಿನಿಂದ ಕೆಲಸ ಮಾಡುವ ವಿಸ್ಕಸ್ ಕಪ್ಲಿಂಗ್ ತಡೆ ಹಿಡಿಯುತ್ತದೆ. ಎರಡೇ ಟೈರು ಹೊಸದು ಹಾಕಿಸಿದರೆ ಸುತ್ತಳತೆ ವ್ಯತ್ಯಾಸವಾಗಿ, ಚಕ್ರ ಜಾರುತ್ತಿದೆಯೆಂದೇ ಭ್ರಮಿಸಿ ಕಪ್ಲಿಂಗ್ ಸದಾ ದುಡಿಯುತ್ತದೆ, ಕಾದು ಕೆಡುತ್ತದೆ. ಪಾರ್ಕಿಂಗ್ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸಾಗುವಾಗ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಮುಗ್ಗರಿಸಿದರೆ ಅಂಥ ಕಾರನ್ನು ಕೊಳ್ಳಬಾರದು.

2003ರ ನಾಲ್ಕನೆಯ ತಲೆಮಾರಿನಲ್ಲಿ ಸುಬಾರು ಈ ಜೋಡಿ ಸಂಸಾರವನ್ನು ಕೈಬಿಟ್ಟು, ಒಳಗೆ ಎರಡು ಕಾಲುವೆಗಳಿರುವ ಟ್ವಿನ್ ಸ್ಕ್ರಾಲ್ ಟರ್ಬೊ ಒಂದನ್ನೇ ಕೂರಿಸಿತು. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬಾರದ ಹಾಗೆ ಎಡಸಾಲಿನ ಒಂದು ಸಿಲಿಂಡರಿಗೆ ಬಲಸಾಲಿನ ಒಂದನ್ನು ಜೊತೆಮಾಡಿ, ಸಮ ಉದ್ದದ ಕೊಳವೆಗಳನ್ನು ಜೋಡಿಸಲಾಯಿತು. 280 ಹಾಗೆಯೇ ಉಳಿಯಿತು, ಕಣಿವೆ ಮಾಯವಾಯಿತು. ಕೊಳವೆಗಳು ಸಮವಾದ್ದರಿಂದ ಬಾಕ್ಸರಿನ ಹಳೆಯ ಗುಡುಗುಡು ಸದ್ದೂ ಹೋಯಿತು. ಆ ಸದ್ದಿಗಾಗಿ ಅಸಮ ಉದ್ದದ ಕೊಳವೆಗಳನ್ನು ಹಾಕಿಸಿಕೊಡಿ ಎಂದು ಈಗಲೂ ಕೆಲವರು ಕೇಳಿಕೊಂಡು ಬರುತ್ತಾರೆ, ನಾನು ಹಾಕಿಕೊಡುವುದಿಲ್ಲ.