ಪಬ್‌ಮೆಡ್‌ನಲ್ಲಿ ಹುಡುಕುವುದು, ಉಲ್ಲೇಖ ಕೂಡಿಡುವುದು: ಓದುವಾಗ ಬರೆದುಕೊಂಡ ಟಿಪ್ಪಣಿ

ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ತೆರೆದು, ಬಾಕ್ಸ್‌ನಲ್ಲಿ ಪ್ರಶ್ನೆಯನ್ನು ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತುವುದು ಎಲ್ಲರೂ ಶುರುವಿಗೆ ಮಾಡುವ ಕೆಲಸ. ಏನೋ ಒಂದಷ್ಟು ಲೇಖನ ಬರುತ್ತವೆ, ಸಾಕು ಅನಿಸುತ್ತದೆ. ಆದರೆ ಯಾವುದು ಬರಲಿಲ್ಲ ಅನ್ನುವುದು ಪರದೆಯ ಮೇಲೆ ಕಾಣುವುದಿಲ್ಲ, ಅಲ್ವಾ? ಅದೇ ನಿಜವಾದ ತೊಂದರೆ.

ಒಂದು ಉದಾಹರಣೆ ಹಿಡಿದೇ ಹೋಗೋಣ. ರಕ್ತದೊತ್ತಡ ಇರುವ ವಯಸ್ಸಾದವರು ದಿನಾ ನಡೆದರೆ ಒತ್ತಡ ಇಳಿಯುತ್ತದೆಯೇ? ಮೊದಲು ಇದನ್ನು ಕಾಗದದ ಮೇಲೆ ಬಿಡಿಸಿಕೊಳ್ಳಿ. ಯಾರಲ್ಲಿ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಏನಾಗುತ್ತದೆ. ಇದಕ್ಕೆ ಪಿಕೊ ಅನ್ನುತ್ತಾರೆ. ನಾಲ್ಕನ್ನೂ ಹುಡುಕಾಟಕ್ಕೆ ಹಾಕಬೇಕಾಗಿಲ್ಲ. ಇಲ್ಲಿ ಹೈಪರ್‌ಟೆನ್ಶನ್, ವಾಕಿಂಗ್ ಎರಡೇ ಸಾಕು. ಉಳಿದದ್ದನ್ನು ಸಾರಾಂಶ ಓದುವಾಗ ನೋಡಿಕೊಳ್ಳಬಹುದು.

ಈಗ ಮುಖ್ಯ ವಿಷಯ. ಪ್ರತಿ ವಿಚಾರವನ್ನೂ ಎರಡು ದಾರಿಯಲ್ಲಿ ಹುಡುಕಬೇಕು. ಒಂದು, ಲೇಖಕರು ಬರೆದ ಪದ. ಇನ್ನೊಂದು, ಲೇಖನಕ್ಕೆ ಆಮೇಲೆ ಅಂಟಿಸಿದ ವಿಷಯದ ಚೀಟಿ. ಆ ಚೀಟಿಗಳ ಪಟ್ಟಿಯೇ ಮೆಶ್. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ಇದನ್ನು ನಡೆಸುತ್ತಿದೆ. ಒಬ್ಬರು 'ಹಾರ್ಟ್ ಅಟ್ಯಾಕ್' ಅಂತ ಬರೆದಿರಲಿ, ಇನ್ನೊಬ್ಬರು ಬೇರೆ ಹೆಸರು ಬಳಸಿರಲಿ, ಚೀಟಿ ಮಾತ್ರ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್'. ಚೀಟಿಗಳು ಮರದ ಕೊಂಬೆಗಳ ಹಾಗೆ ಜೋಡಿಸಿಕೊಂಡಿವೆ. 'ಹೈಪರ್‌ಟೆನ್ಶನ್' ಕೇಳಿದರೆ ಅದರ ಕೆಳಗಿನ 'ವೈಟ್ ಕೋಟ್ ಹೈಪರ್‌ಟೆನ್ಶನ್' ಕೂಡ ತಾನಾಗಿ ಬರುತ್ತದೆ. ಡಾಕ್ಟರ್ ಎದುರು ಕೂತಾಗ ಮಾತ್ರ ಒತ್ತಡ ಏರುವವರ ಸ್ಥಿತಿ ಅದು.

ಹಾಗಾದರೆ ಚೀಟಿಯೊಂದೇ ಸಾಲದೇ? ಸಾಲದು. ತೀರಾ ಹೊಸ ಲೇಖನಕ್ಕೆ ಚೀಟಿ ಇನ್ನೂ ಬಿದ್ದಿರದೆ ಇರಬಹುದು. ಪಬ್‌ಮೆಡ್‌ನಲ್ಲಿರುವ ಕೆಲವು ಲೇಖನಗಳಿಗೆ ಅದು ಬೀಳುವುದೇ ಇಲ್ಲ. ಅದಕ್ಕೇ ಮೆಶ್ ಪದದ ಜೊತೆಗೆ 'ಹೈ ಬ್ಲಡ್ ಪ್ರೆಶರ್' ತರಹದ ಮಾತುಗಳನ್ನು ಶೀರ್ಷಿಕೆ ಮತ್ತು ಸಾರಾಂಶದಲ್ಲೂ ಹುಡುಕಿ, ಎರಡನ್ನೂ 'ಆರ್' (ಇದು ಅಥವಾ ಅದು) ಹಾಕಿ ಸೇರಿಸಬೇಕು. ಎಡಗಡೆ ಇರುವ ವಯಸ್ಸಿನ ಫಿಲ್ಟರ್ ಒತ್ತುವ ಮುಂಚೆಯೂ ಇದು ನೆನಪಿರಲಿ. ಆ ಫಿಲ್ಟರ್ ನೋಡುವುದು ಮೆಶ್ ಚೀಟಿಯನ್ನೇ. ಚೀಟಿ ಇಲ್ಲದ ಹೊಸ ಲೇಖನಗಳು ಸದ್ದಿಲ್ಲದೆ ಜಾರಿಹೋಗುತ್ತವೆ.

ಆವರಣದ ವಿಷಯದಲ್ಲಿ ನಾನು ಎಡವಿದ್ದೇನೆ, ನೀವು ಎಡವಬೇಡಿ. 'ಹೈಪರ್‌ಟೆನ್ಶನ್ ಆ್ಯಂಡ್ ವಾಕಿಂಗ್ ಆರ್ ಎಕ್ಸರ್‌ಸೈಜ್' ಅಂತ ಹಾಗೇ ಬರೆದೆ. ರಾಶಿ ರಾಶಿ ಲೇಖನ ಬಂದವು. ಮೊದಲ ಪುಟದಲ್ಲೇ ರಕ್ತದೊತ್ತಡದ ಸುದ್ದಿಯೇ ಇಲ್ಲದ ಲೇಖನಗಳಿದ್ದವು. ಪಬ್‌ಮೆಡ್ ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತದೆ. ಮೊದಲೆರಡು ಪದ ಕೂಡಿಸಿತು, ಆಮೇಲೆ ವ್ಯಾಯಾಮದ ಮೇಲಿನ ಲೇಖನಗಳನ್ನೆಲ್ಲ ತಂದು ಸುರಿಯಿತು. 'ವಾಕಿಂಗ್ ಆರ್ ಎಕ್ಸರ್‌ಸೈಜ್' ಅನ್ನುವುದನ್ನು ಆವರಣದೊಳಗೆ ಇಟ್ಟ ಮೇಲೆ ಸರಿಹೋಯಿತು. ಆ್ಯಂಡ್, ಆರ್, ನಾಟ್ ಮೂರನ್ನೂ ದೊಡ್ಡಕ್ಷರದಲ್ಲೇ ಬರೆಯಿರಿ. 'ನಾಟ್' ಜಾಸ್ತಿ ಬಳಸಬೇಡಿ, ಬೇಕಾದ ಲೇಖನವೂ ಅದರ ಜೊತೆ ಹೋಗಿಬಿಡುತ್ತದೆ.

ಪಬ್‌ಮೆಡ್ ನಮ್ಮ ಪದಕ್ಕೆ ಹೊಂದುವ ಚೀಟಿಯನ್ನು ತಾನೇ ಹುಡುಕಿ ಸೇರಿಸುತ್ತದೆ. ಒಳ್ಳೆಯದೇ, ಆದರೆ ಏನು ಸೇರಿಸಿತು ಅಂತ ನೋಡಬೇಕು. 'ಕೋಲ್ಡ್' ಅಂದರೆ ನೆಗಡಿಯೂ ಹೌದು, ಚಳಿಯೂ ಹೌದು, ಶ್ವಾಸಕೋಶದ ಒಂದು ಕಾಯಿಲೆಯ ಚಿಕ್ಕ ಹೆಸರೂ ಹೌದು. ಅಡ್ವಾನ್ಸ್ಡ್ ಪುಟದಲ್ಲಿ, ಹುಡುಕಾಟದ ಇತಿಹಾಸದ ಪಕ್ಕದಲ್ಲಿ ವಿವರ ಬಿಚ್ಚಿಕೊಳ್ಳುತ್ತದೆ. ನಾನು ಪ್ರತಿ ಸಲ ಅದನ್ನು ತೆರೆದು ಓದುತ್ತೇನೆ. ಪದಗಳಿಗೆ ಉದ್ಧರಣ ಚಿಹ್ನೆ ಹಾಕಿದರೆ, ಇಲ್ಲವೇ ಕೊನೆಗೆ ನಕ್ಷತ್ರ ಹಾಕಿದರೆ ಈ ಸಹಾಯ ನಿಂತುಹೋಗುತ್ತದೆ.

ಹುಡುಕಿದ ದಿನವೇ ಬಾಕ್ಸ್‌ನಲ್ಲಿ ಬರೆದ ಹುಡುಕಾಟದ ಸಾಲನ್ನು, ತಾರೀಖನ್ನು, ಎಷ್ಟು ಲೇಖನ ಬಂದವು ಅನ್ನುವುದನ್ನು ಒಂದು ಕಡೆ ಅಂಟಿಸಿಡಿ. ಪಬ್‌ಮೆಡ್‌ನಂಥದೇ ಇನ್ನೊಂದು ಲೇಖನ ಸಂಗ್ರಹವಾದ ಎಂಬೇಸ್‌ಗೆ ಹೋದರೆ ಅಲ್ಲಿನ ಚೀಟಿಗಳೇ ಬೇರೆ, ಅವುಗಳ ಹೆಸರು ಎಮ್‌ಟ್ರೀ. ಪಬ್‌ಮೆಡ್‌ನ ಸಾಲು ಅಲ್ಲಿ ಹಾಗೇ ನಡೆಯುವುದಿಲ್ಲ.

ಇನ್ನು ಉಲ್ಲೇಖಗಳು. ಕೈಯಲ್ಲಿ ಸಂಖ್ಯೆ ಹಾಕುತ್ತಾ ಹೋದರೆ, ಮಧ್ಯೆ ಒಂದು ಸೇರಿಸಿದ ಕೂಡಲೇ ಮುಂದಿನದೆಲ್ಲ ತಿದ್ದಬೇಕು. ಉಲ್ಲೇಖ ಕೂಡಿಡುವ ಸಾಫ್ಟ್‌ವೇರ್ ಜೊಟೆರೊ ಈ ಕೆಲಸ ತಾನೇ ಮಾಡುತ್ತದೆ, ಉಚಿತ ಕೂಡ. ಪಬ್‌ಮೆಡ್‌ನಲ್ಲಿ 'ಸೆಂಡ್ ಟು' ಒತ್ತಿ, ಸಿಟೇಶನ್ ಮ್ಯಾನೇಜರ್ ಆರಿಸಿದರೆ ಒಂದು ಫೈಲ್ ಸಿಗುತ್ತದೆ, ಅದನ್ನು ಜೊಟೆರೊಗೆ ತುಂಬಿ. ಒಂದೇ ಲೇಖನ ಬೇಕಿದ್ದರೆ ಅದರ ಪಿಎಂಐಡಿ, ಅಂದರೆ ಪಬ್‌ಮೆಡ್ ಆ ಲೇಖನಕ್ಕೆ ಕೊಟ್ಟ ಗುರುತಿನ ಸಂಖ್ಯೆ, ಜೊಟೆರೊಗೆ ಕೊಟ್ಟರೂ ಸಾಕು. ಎರಡು ಕಡೆಯಿಂದ ತಂದಾಗ ಒಂದೇ ಲೇಖನ ಎರಡು ಸಲ ಬಂದಿರುತ್ತದೆ. ಡೂಪ್ಲಿಕೇಟ್ ವಿಭಾಗದಲ್ಲಿ ನೋಡಿ ವಿಲೀನ ಮಾಡಿ.

ಆದರೆ ಸುಮ್ನೆ ನಂಬಿ ಕೂರಬೇಡಿ. ತಂದ ಕೂಡಲೇ ಲೇಖಕರ ಹೆಸರು, ವರ್ಷ, ಪುಟ ಒಮ್ಮೆ ಕಣ್ಣಾಡಿಸಿ. ಹೆಸರಿನ ಹಿಂದುಮುಂದು ಅದಲುಬದಲಾಗಿದ್ದರೆ ಪಟ್ಟಿಯಲ್ಲೂ ಹಾಗೇ ಅಚ್ಚಾಗುತ್ತದೆ. ವೈದ್ಯಕೀಯ ಬರಹದಲ್ಲಿ ಉಲ್ಲೇಖ ಬರೆಯುವ ವ್ಯಾಂಕೂವರ್ ಶೈಲಿಯಲ್ಲಿ ಆರು ಲೇಖಕರಿಗಿಂತ ಜಾಸ್ತಿ ಇದ್ದರೆ ಮೊದಲ ಆರು ಹೆಸರು ಬರೆದು 'ಎಟ್ ಆಲ್' (ಮತ್ತು ಇತರರು) ಹಾಕುತ್ತಾರೆ. ಅದನ್ನು ಜೊಟೆರೊ ನೋಡಿಕೊಳ್ಳುತ್ತದೆ. ಯಾವುದಾದರೂ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿದ್ದು ದಾಖಲಾಗಿದ್ದರೆ ಕೆಂಪು ಗುರುತನ್ನೂ ತೋರಿಸುತ್ತದೆ. ಪ್ರಬಂಧ ಒಪ್ಪಿಸುವ ಹಿಂದಿನ ದಿನ ಆ ಗುರುತಿಗಾಗಿಯೇ ಇಡೀ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ.